ಕಾಲುಗಳ ತಳಮಳ

ಮುಂಬಯಿಯ ಲೋಕಲ್ ಗಾಡಿಯಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕವರು ತಾವಾಗಿ ಎದ್ದು ನಿಲ್ಲುವುದಿಲ್ಲ. ಸಂಜೆ ಈಗ ಸಿ.ಎಸ್.ಎಂ.ಟಿ. ಎನ್ನುವ ವಿ.ಟಿ. ನಿಲ್ದಾಣದಿಂದ ಹೊರಡುವ ಫಾಸ್ಟ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ, ಕುಳಿತವರು ಎಲ್ಲಿ ಇಳಿಯುತ್ತಾರೆಂದು ವಿಚಾರಿಸಿ, ಘಾಟ್ಕೋಪರಿನಲ್ಲೋ ಠಾಣೆಯಲ್ಲೋ ತೆರವಾಗಲಿರುವ ಆ ಜಾಗವನ್ನು ಮಾತಿನಲ್ಲೇ ತಮ್ಮದೆಂದು ಗೊತ್ತುಮಾಡಿಕೊಂಡು ನಿಲ್ಲುವುದು ಅಲ್ಲಿನ ವಾಡಿಕೆ. ಅಂಥ ಡಬ್ಬಿಯಲ್ಲಿ ಡೊಂಬಿವಲಿಯವರೆಗೆ ಹೋಗಬೇಕಾದ ನಾನು, ಕಿಟಕಿಯ ಪಕ್ಕದ ಜಾಗವನ್ನು ಕುರ್ಲಾ ಬರುವಷ್ಟರಲ್ಲಿ ಬಿಟ್ಟುಕೊಟ್ಟು ಎದ್ದು ನಿಲ್ಲುತ್ತಿದ್ದೆ. ಜೊತೆಯವರು ಅದನ್ನು ನನ್ನ ದೊಡ್ಡ ಮನಸ್ಸು ಎಂದುಕೊಂಡಿದ್ದರು. ನಾನೂ ತಿದ್ದಲಿಲ್ಲ, ಏಕೆಂದರೆ ನಿಜವಾದ ಕಾರಣವನ್ನು ಹೇಳಲು ನನ್ನಲ್ಲಿ ಮಾತಿರಲಿಲ್ಲ. ದಿನವೆಲ್ಲ ಬ್ಯಾಂಕಿನ ಕೌಂಟರಿನ ಹಿಂದೆ ಸುಮ್ಮನಿದ್ದ ಕಾಲುಗಳು, ಹೊತ್ತು ಮುಳುಗಿದ ಮೇಲೆ, ಅದೂ ಕುಳಿತ ಹದಿನೈದು ಇಪ್ಪತ್ತು ನಿಮಿಷಕ್ಕೆ, ಎದ್ದೇಳು ಎಂದು ಪೀಡಿಸತೊಡಗುತ್ತಿದ್ದವು.

ಅದು ನೋವಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ನೋವು ಎಂಬ ಒಂದು ಮಾತಿನಿಂದಲೇ ನನ್ನ ಏಳೆಂಟು ವರ್ಷ ಹಾಳಾಯಿತು. ಮೀನಖಂಡದ ಆಳದಲ್ಲಿ, ಕೈಯಿಂದ ಎಷ್ಟು ಒತ್ತಿದರೂ ಮುಟ್ಟಲಾಗದಷ್ಟು ಒಳಗೆ, ಏನೋ ಮೆಲ್ಲಗೆ ಹೊರಳುತ್ತದೆ. ನಮ್ಮ ಧಾರವಾಡದ ಕಡೆ ಹೆಂಗಸರು ಮಣೆಯ ಮೇಲೆ ಶಾವಿಗೆ ಹೊಸೆಯುವುದನ್ನು ನೋಡಿದವರಿಗೆ, ಆ ಹಿಟ್ಟಿನ ಎಳೆ ಅಂಗೈಯ ಕೆಳಗೆ ಸುತ್ತಿಕೊಳ್ಳುತ್ತ ಸಪೂರಾಗುತ್ತ ಸಾಗುವ ಪರಿ ಗೊತ್ತಿರುತ್ತದೆ. ಕಾಲಿನ ಒಳಗೆ ಯಾರೋ ಹಾಗೆ ಹೊಸೆಯುತ್ತಿರುವಂತೆ ಇರುತ್ತದೆ. ಕಾಲು ಅಲ್ಲಾಡಿಸಿದರೆ ನಿಲ್ಲುತ್ತದೆ, ನಿಲ್ಲಿಸಿದರೆ ಮತ್ತೆ ಮೊದಲಾಗುತ್ತದೆ. ಅಲ್ಲಾಡಿಸದೆ ತಡೆದುಕೊಂಡು ನೋಡೋಣವೆಂದರೆ, ಆಕಳಿಕೆಯನ್ನೋ ಸೀನನ್ನೋ ತಡೆಹಿಡಿದಾಗಿನಂತೆ ಒಳಗಿನ ಒತ್ತಡ ಏರುತ್ತ ಹೋಗಿ, ಕೊನೆಗೆ ಕಾಲು ತಾನೇ ಜಗ್ಗಿಕೊಳ್ಳುತ್ತದೆ.

ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ಇದನ್ನು ಗುರುತಿಸಲು ರಕ್ತ ಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ; ರೋಗಿ ಹೇಳುವ ಮಾತೇ ಪರೀಕ್ಷೆ. ಕಾಲನ್ನು ಅಲುಗಾಡಿಸಲೇಬೇಕೆಂಬ ತಡೆಯಲಾರದ ಒತ್ತಾಯ, ಸಾಮಾನ್ಯವಾಗಿ ಅದರ ಜೊತೆಗೇ ಬರುವ ಹೇಳಲಾಗದ ಕಸಿವಿಸಿ. ಕುಳಿತಾಗ ಮಲಗಿದಾಗ ಅದು ಶುರುವಾಗುವುದು ಅಥವಾ ಹೆಚ್ಚಾಗುವುದು. ನಡೆದಾಡಿದರೆ, ಕಾಲು ಚಾಚಿ ಮಡಿಸಿದರೆ, ಆಡಿಸುತ್ತಿರುವಷ್ಟು ಹೊತ್ತಾದರೂ ತಗ್ಗುವುದು. ಹಗಲಿಗಿಂತ ಸಂಜೆ ಮತ್ತು ರಾತ್ರಿ ಜೋರಾಗುವುದು. ಈ ನಾಲ್ಕೂ ಇದ್ದು, ಇವಕ್ಕೆ ಬೇರೆ ಯಾವ ತೊಂದರೆಯೂ ಕಾರಣವಲ್ಲವೆಂದು ವೈದ್ಯರಿಗೆ ಮನವರಿಕೆಯಾದರೆ ರೋಗ ಇದೇ ಎಂದು ತೀರ್ಮಾನಿಸಬಹುದು. ಕೇಳುವುದಕ್ಕೆ ಇಷ್ಟು ಸರಳವಾಗಿರುವ ವಿಷಯ ನನ್ನ ಪಾಲಿಗೆ ಇಷ್ಟು ತಡವಾಗಿ ಬಂದದ್ದು ಏಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ರೋಗಿಯ ಮಾತೇ ಪರೀಕ್ಷೆಯಾಗಿರುವ ರೋಗದಲ್ಲಿ ರೋಗಿ ತಪ್ಪು ಮಾತು ಆಡಿದರೆ, ಪರೀಕ್ಷೆಯೇ ತಪ್ಪಾದಂತೆ.

ನಾನು ಆಡಿದ ತಪ್ಪು ಮಾತು ಮರಾಠಿಯದು. ಮನೆಯಲ್ಲಿ ಕನ್ನಡ, ಬ್ಯಾಂಕಿನಲ್ಲಿ ಹಿಂದಿ ಇಂಗ್ಲಿಷು, ತರಕಾರಿಯವಳ ಬಳಿ ಮತ್ತು ಡಾಕ್ಟರ ಬಳಿ ಮರಾಠಿ ಎಂದು ಬದುಕು ಹಂಚಿಹೋಗಿರುವ ನಮ್ಮಂಥವರಿಗೆ, ದೇಹದ ಒಳಗಿನ ಸಂಗತಿಯನ್ನು ಎರಡನೆಯ ಭಾಷೆಗೆ ಇಳಿಸುವಾಗ ಕೈಗೆ ಸಿಗುವುದು ಆ ಭಾಷೆಯ ಅತಿ ಸಾಮಾನ್ಯವಾದ ಶಬ್ದ. ‘ಪಾಯ್ ದುಖತಾತ್’ ಎಂದೆ. ಕಾಲು ನೋಯುತ್ತವೆ ಎಂದು. ಡಾಕ್ಟರು ನೋವಿಗೆ ಔಷಧ ಕೊಟ್ಟರು. ಇನ್ನೊಬ್ಬರ ಬಳಿ ಹೋದಾಗ, ಹರಿದಾಡುವುದನ್ನು ತಿಳಿಸಲು ‘ಮುಂಗ್ಯಾ ಯೇತಾತ್’ ಎಂದೆ. ಅದು ಜೋಮು ಹಿಡಿಯುವುದಕ್ಕೆ ಅವರು ಬಳಸುವ ಮಾತು. ಅವರು ನರದ ತೊಂದರೆಯೆಂದು ಭಾವಿಸಿ ಬೆನ್ನಿನ ಎಂ.ಆರ್.ಐ. ಮಾಡಿಸಿದರು, ಬಿ12 ಚುಚ್ಚುಮದ್ದು ಕೊಟ್ಟರು. ಮೂರನೆಯವರು ‘ಗೋಳೆ ಯೇತಾತ್ ಕಾ?’ ಎಂದು ತಾವೇ ಕೇಳಿದರು. ಗೋಳಾ ಎಂದರೆ ಮೀನಖಂಡದ ಸ್ನಾಯು ಗಂಟುಕಟ್ಟಿ ಕಲ್ಲಿನಂತೆ ಬಿಗಿಯುವ ಸೆಳೆತ. ನಾನು ಹೌದೆಂದು ತಲೆಯಾಡಿಸಿ ಸುಣ್ಣದ ಮಾತ್ರೆ ತೆಗೆದುಕೊಂಡು ಬಂದೆ. ಆ ಮೂವರಲ್ಲಿ ಯಾರನ್ನೂ ನಾನು ದೂರುವುದಿಲ್ಲ. ಅವರು ತಾವು ಕೇಳಿಸಿಕೊಂಡ ಮಾತಿಗೆ ತಕ್ಕ ಔಷಧವನ್ನೇ ಕೊಟ್ಟಿದ್ದರು.

ಸೆಳೆತದಲ್ಲಿ ಸ್ನಾಯು ಗಟ್ಟಿಯಾಗಿ ಕೈಗೆ ಸಿಗುತ್ತದೆ ಮತ್ತು ನೋವು ಕಣ್ಣೀರು ತರಿಸುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಉರಿ ಮತ್ತು ಜೋಮು ಹಗಲೂ ಇರುತ್ತದೆ, ನಡೆದರೆ ಹೋಗುವುದಿಲ್ಲ. ಉಬ್ಬಿದ ರಕ್ತನಾಳದ ಭಾರ ನಿಂತಷ್ಟೂ ಹೆಚ್ಚುತ್ತದೆ, ಕಾಲು ಮೇಲಿಟ್ಟು ಕುಳಿತರೆ ಇಳಿಯುತ್ತದೆ. ನಮ್ಮದು ತದ್ವಿರುದ್ಧ. ವಿಶ್ರಾಂತಿಯೇ ಇದರ ಶತ್ರು. ಇಷ್ಟು ವ್ಯತ್ಯಾಸವನ್ನು ಹೇಳಿಕೊಟ್ಟವರಿದ್ದರೆ ನಾನೇ ಮೊದಲ ಭೇಟಿಯಲ್ಲಿ ವಿವರಿಸಿಬಿಡುತ್ತಿದ್ದೆ.

ಹೇಳಿಕೊಡಬಲ್ಲವರು ಒಬ್ಬರಿದ್ದರು, ಅವರು ನನ್ನ ಅವ್ವ. ಆದರೆ ಅವ್ವನ ಕಾಲಿನ ವಿಷಯ ನಮ್ಮ ಮನೆಯಲ್ಲಿ ಯಾರೂ ಕೇಳಿಸಿಕೊಳ್ಳುವ ವಿಷಯವಾಗಿರಲಿಲ್ಲ. ರಾತ್ರಿ ಅಡುಗೆಮನೆ ತೊಳೆದು, ಹಾಲಿಗೆ ಹೆಪ್ಪು ಹಾಕಿ ಮಲಗಿದ ಮೇಲೆ ಅವ್ವ ನಮ್ಮಲ್ಲೊಬ್ಬರನ್ನು ಕರೆಯುತ್ತಿದ್ದಳು: ‘ಯವ್ವಾ, ಬಂದು ಒಂದೀಟ ಕಾಲ ತುಳೀ ಬಾ. ಒಳಗ ಭಾಳ ತಳಮಳಸ್ತಾವ.’ ನಾನು ಗೋಡೆ ಹಿಡಿದುಕೊಂಡು ಅವಳ ಮೀನಖಂಡದ ಮೇಲೆ ನಿಂತು ಹಿಂದೆ ಮುಂದೆ ಹೆಜ್ಜೆ ಹಾಕುತ್ತಿದ್ದೆ. ನಾವು ನಿದ್ದೆಹೋದ ಮೇಲೆ ಅವಳು ಹಳೆಯ ಇಳಕಲ್ ಸೀರೆಯಿಂದ ಹರಿದ ಪಟ್ಟಿಯನ್ನು ಮೊಣಕಾಲಿನ ಕೆಳಗಿನಿಂದ ಹರಡಿನವರೆಗೆ ಬಿಗಿಯಾಗಿ ಸುತ್ತಿ ಗಂಟು ಹಾಕುತ್ತಿದ್ದಳು. ಬೆಳಿಗ್ಗೆ ಆ ಪಟ್ಟಿಯ ಅಂಚಿನ ಗೆರೆಗಳು ಅವಳ ಚರ್ಮದ ಮೇಲೆ ಕೆಂಪಗೆ ಮೂಡಿರುತ್ತಿದ್ದವು. ದಿನವೂ ನೋಡುತ್ತಿದ್ದುದರಿಂದ ಅದು ಅವಳ ಕಾಲಿನ ಸಹಜ ರೂಪವೆಂದೇ ನಾನು ತಿಳಿದಿದ್ದೆ. ಅಜ್ಜಿ ಮಾತ್ರ ಗದರುತ್ತಿದ್ದಳು. ಕುಳಿತಲ್ಲಿ ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಬರುತ್ತದೆ ಎಂಬ ನಂಬಿಕೆ ನಮ್ಮ ನಾಡಿನಲ್ಲಿ ಎಲ್ಲ ಕಡೆಯೂ ಇದೆ. ಸುಮ್ಮನೆ ರೂಢಿಯಿಂದ ಕಾಲು ಕುಣಿಸುವುದು ಬೇರೆ, ಇದು ಬೇರೆ. ಆದರೆ ಐದು ಹೆತ್ತು, ಎರಡನ್ನು ಕಳೆದುಕೊಂಡು, ಮೈಯಲ್ಲಿ ರಕ್ತವಿಲ್ಲದೆ ಬಿಳಿಚಿಕೊಂಡಿದ್ದ ಸೊಸೆ ದೇವರ ಮುಂದೆ ಪುರಾಣ ಕೇಳುತ್ತ ಕಾಲು ಸರಿಸಿದರೂ ಅದು ಅಪಶಕುನವೆನಿಸುತ್ತಿತ್ತು. ಅವ್ವ ಪುರಾಣ ಕೇಳಲು ಹೋಗುವುದನ್ನೇ ಬಿಟ್ಟಳು. ಅವಳಿಗೆ ಭಕ್ತಿ ಕಡಿಮೆಯೆಂದು ಮನೆಯವರು ತೀರ್ಮಾನಿಸಿದರು.

ಈ ಕಾಯಿಲೆಯನ್ನು ಸ್ವಭಾವದ ದೋಷವೆಂದು ಎಣಿಸಿದ್ದು ನಮ್ಮಲ್ಲಿ ಮಾತ್ರವಲ್ಲ. ಆಕ್ಸ್‌ಫರ್ಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿ ಪ್ರಕಟವಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ, ಹಾಸಿಗೆಗೆ ಬಂದೊಡನೆ ಕೈಕಾಲುಗಳು ಜಿಗಿದು ತಳಮಳಿಸಿ ನಿದ್ದೆಯೇ ಸಾಧ್ಯವಾಗದ ರೋಗಿಗಳ ಬಗ್ಗೆ, ಅವರು ಘೋರ ಚಿತ್ರಹಿಂಸೆಯ ಸ್ಥಳದಲ್ಲಿರುವವರಂತೆ ಒದ್ದಾಡುತ್ತಾರೆಂಬ ಅರ್ಥದಲ್ಲಿ ಬರೆದಿದ್ದಾನೆ. ಮೆದುಳಿನ ತಳದಲ್ಲಿರುವ ರಕ್ತನಾಳಗಳ ಬಳೆಗೆ ಇಂದಿಗೂ ಅವನ ಹೆಸರೇ ಇದೆ. ಅವನು ಈ ತೊಂದರೆಯನ್ನು ನರಗಳ ವಿಷಯವೆಂದೇ ನೋಡಿದ. ಆದರೆ ಅವನ ಮಾತು ಮರೆಯಾಯಿತು. 1861ರಲ್ಲಿ ಜರ್ಮನಿಯ ವಿಟ್‌ಮಾಕ್ ಇದಕ್ಕೆ ‘ಮೊಣಕಾಲ ಕೆಳಗಿನ ಮೂಳೆಗಳ ಆತಂಕ’ ಎಂಬ ಅರ್ಥದ ಲ್ಯಾಟಿನ್ ಹೆಸರು ಕೊಟ್ಟು, ಹಿಸ್ಟೀರಿಯಾದ ಒಂದು ಬಗೆಯೆಂದು ವಿವರಿಸಿದ. ಆ ಹೆಸರನ್ನು ಮೊದಲ ಸಲ ಓದಿದಾಗ ನಾನು ಬಹಳ ಹೊತ್ತು ಅಲ್ಲೇ ನಿಂತೆ. ತಳಮಳವೂ ಮನಸ್ಸಿಗೆ ಹೇಳುವ ಮಾತೇ. ಅವ್ವ ಅದನ್ನು ಕಾಲಿಗೆ ಹೇಳಿದ್ದಳು. ವ್ಯತ್ಯಾಸವೆಂದರೆ, ಕಾಲಿನ ತೊಂದರೆ ತನ್ನ ಮನಸ್ಸಿನದು ಎಂದು ಅವ್ವ ಎಂದೂ ಭಾವಿಸಿರಲಿಲ್ಲ. 1945ರಲ್ಲಿ ಸ್ವೀಡನ್ನಿನ ನರವೈದ್ಯ ಕಾರ್ಲ್ ಆಕ್ಸೆಲ್ ಎಕ್‌ಬೊಮ್ ಅನೇಕ ರೋಗಿಗಳನ್ನು ಕೂಲಂಕಷವಾಗಿ ನೋಡಿ ಈಗಿನ ಹೆಸರನ್ನು ಕೊಟ್ಟನು. ಇದು ಮನೆತನಗಳಲ್ಲಿ ಸಾಗಿಬರುತ್ತದೆಂಬುದನ್ನೂ, ಬಸುರಿಯರಲ್ಲಿ ಮತ್ತು ರಕ್ತಹೀನತೆ ಇರುವವರಲ್ಲಿ ಹೆಚ್ಚೆಂಬುದನ್ನೂ ಅವನು ಗುರುತಿಸಿದ್ದ. 1950ರ ದಶಕದಲ್ಲೇ ಅದೇ ದೇಶದ ನಾರ್ಡ್‌ಲ್ಯಾಂಡರ್ ರಕ್ತನಾಳಕ್ಕೆ ಕಬ್ಬಿಣಾಂಶವನ್ನು ಕೊಟ್ಟು ರೋಗಿಗಳಿಗೆ ಉಪಶಮನವಾಗುವುದನ್ನು ಕಂಡಿದ್ದ. ಆ ಹೊತ್ತಿಗೆ ನನ್ನ ಅವ್ವ ಇನ್ನೂ ಹುಡುಗಿ.

ಕಬ್ಬಿಣದ ಈ ಕಥೆಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಬ್ಬಿಣವೆಂದರೆ ರಕ್ತದ ಹಿಮೋಗ್ಲೋಬಿನ್ ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ ಮೆದುಳಿಗೂ ಅದು ಬೇಕು. ಚಲನೆಯನ್ನು ಹತೋಟಿಯಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕಿಣ್ವವು ಕಬ್ಬಿಣವಿಲ್ಲದೆ ಕೆಲಸ ಮಾಡಲಾರದು. ಈ ಕಾಯಿಲೆಯಿರುವವರ ಮೆದುಳಿನಲ್ಲಿ, ಡೋಪಮಿನ್ ಕೋಶಗಳಿರುವ ಭಾಗದಲ್ಲಿ, ಕಬ್ಬಿಣ ಕಡಿಮೆಯಿರುವುದು ಎಂ.ಆರ್.ಐ. ಚಿತ್ರಗಳಲ್ಲೂ ಶವಪರೀಕ್ಷೆಗಳಲ್ಲೂ ಕಂಡುಬಂದಿದೆ. ರಕ್ತದಲ್ಲಿ ಸಾಕಷ್ಟಿದ್ದರೂ ಮೆದುಳಿಗೆ ಸಾಲದಿರುವ ಸಾಧ್ಯತೆಯಿದೆ ಎಂಬುದೇ ಇಲ್ಲಿಯ ತೊಡಕು. ಡೋಪಮಿನ್ನಿನ ಏರಿಳಿತಕ್ಕೆ ದಿನದ ಹೊತ್ತಿನ ಲಯವಿದೆ, ರಕ್ತದಲ್ಲಿ ಓಡಾಡುವ ಕಬ್ಬಿಣವೂ ರಾತ್ರಿಯ ಹೊತ್ತು ಇಳಿಯುತ್ತದೆ. ಹಗಲೆಲ್ಲ ತೆಪ್ಪಗಿದ್ದ ಕಾಲು ಕತ್ತಲಾದ ಮೇಲೆ ಏಕೆ ಕೆರಳುತ್ತದೆ ಎಂಬುದಕ್ಕೆ ಸಮಾಧಾನವನ್ನು ಇಲ್ಲೇ ಹುಡುಕುತ್ತಿದ್ದಾರೆ. 2007ರಲ್ಲಿ ಈ ಕಾಯಿಲೆಯ ಜೊತೆ ನಂಟುಳ್ಳ ಜೀನುಗಳೂ ಪತ್ತೆಯಾದವು. ಅದೇ ವರ್ಷ ಪ್ರಕಟವಾದ ಬೆಂಗಳೂರಿನ ಸಮೀಕ್ಷೆಯೊಂದರಲ್ಲಿ ನೂರಕ್ಕೆ ಇಬ್ಬರಷ್ಟು ಜನರಲ್ಲಿ ಈ ತೊಂದರೆ ಕಂಡಿತ್ತು. ಯುರೋಪು ಅಮೆರಿಕಗಳ ಲೆಕ್ಕಕ್ಕೆ ಇದು ಕಡಿಮೆಯೇ, ಆದರೂ ನೂರಕ್ಕೆ ಇಬ್ಬರೆಂದರೆ ತುಂಬಿದ ಒಂದೊಂದು ಲೋಕಲ್ ಗಾಡಿಯಲ್ಲೂ ನನ್ನಂಥವರು ಹತ್ತಾರು ಜನ ಇದ್ದಿರಬೇಕು.

ನನಗೆ ಮೊದಲ ಸಲ ಇದು ಬಂದದ್ದು 1992ರಲ್ಲಿ, ಮಗಳು ಹೊಟ್ಟೆಯಲ್ಲಿದ್ದಾಗ. ಬಸುರಿನ ಕೊನೆಯ ಮೂರು ತಿಂಗಳಲ್ಲಿ ಐವರಲ್ಲಿ ಒಬ್ಬರಿಗಾದರೂ ಇದು ಕಾಣಿಸಿಕೊಳ್ಳುತ್ತದೆ, ಹೆರಿಗೆಯಾದ ಮೇಲೆ ಬಹುಪಾಲು ಜನರಿಗೆ ತಾನಾಗಿ ಹೋಗುತ್ತದೆ. ನನಗೂ ಹೋಯಿತು, ನಾನೂ ಮರೆತೆ. ನಲವತ್ತು ದಾಟಿದ ಮೇಲೆ ಗರ್ಭಕೋಶದಲ್ಲಿ ಗಡ್ಡೆಯಾಗಿ ತಿಂಗಳು ತಿಂಗಳೂ ಅತಿಯಾಗಿ ರಕ್ತ ಹೋಗತೊಡಗಿದಾಗ ತಿರುಗಿ ಬಂತು, ಈ ಸಲ ಹೋಗಲಿಲ್ಲ.

ನಮ್ಮದು ಡೊಂಬಿವಲಿ ಪೂರ್ವದ ಒಂದು ಹಾಲು, ಒಂದು ಮಲಗುವ ಕೋಣೆಯ ಮನೆ. ಅಡುಗೆಮನೆಯ ಕಿಟಕಿಯಿಂದ ಮುಂಬಾಗಿಲಿಗೆ ಹತ್ತೊಂಬತ್ತು ಹೆಜ್ಜೆ. ಹನ್ನೊಂದಕ್ಕೆ ಮಲಗಿ, ಹನ್ನೊಂದೂ ಕಾಲಿಗೆ ಎದ್ದು, ಆ ಹತ್ತೊಂಬತ್ತು ಹೆಜ್ಜೆಯನ್ನು ಅತ್ತಿಂದಿತ್ತ ಹಾಕುತ್ತಿದ್ದೆ. ಫ್ರಿಜ್ಜಿನ ಮುಂದಿನ ಒಂದು ಫರಶಿ ಸಡಿಲವಾಗಿ ಟಕ್ ಎನ್ನುತ್ತಿತ್ತು; ಕೆಳಗಿನ ಮನೆಯವರು ಒಮ್ಮೆ ಬಂದು ವಿಚಾರಿಸಿದ ಮೇಲೆ ಅದನ್ನು ತಪ್ಪಿಸಿ ಕಾಲಿಡುವುದನ್ನು ಕಲಿತೆ. ತಣ್ಣೀರಿನ ಬಕೀಟಿನಲ್ಲಿ ಕಾಲಿಟ್ಟರೆ ಕೆಲವು ನಿಮಿಷ ಹಾಯೆನಿಸುತ್ತಿತ್ತು. ಗೋಡೆಗೆ ಒರಗಿ ನಿಂತು ಮೀನಖಂಡವನ್ನು ಚಾಚಿದರೆ ಇನ್ನು ಸ್ವಲ್ಪ ಹೊತ್ತು. ಮನಸ್ಸನ್ನು ಗಟ್ಟಿಯಾಗಿ ಹಿಡಿಯುವ ಕೆಲಸದಲ್ಲಿ ತೊಡಗಿದರೆ, ಲೆಕ್ಕವನ್ನೋ ಪದಬಂಧವನ್ನೋ ಬಿಡಿಸಲು ಕುಳಿತರೆ, ಕುಳಿತೇ ಇದ್ದರೂ ತಡೆದುಕೊಳ್ಳಬಹುದೆಂಬುದು ತಾನಾಗಿ ತಿಳಿಯಿತು. ಎರಡೂವರೆ ಮೂರರ ಹೊತ್ತಿಗೆ ಕಾಲು ಸೋತು ಸುಮ್ಮನಾಗುತ್ತಿದ್ದವು. ಆಮೇಲೆ ಬರುವ ನಿದ್ದೆ ಐದೂವರೆಯ ಅಲಾರಮ್ಮಿನವರೆಗೆ.

ಆ ಎರಡೂವರೆ ಗಂಟೆಯ ನಿದ್ದೆಯೂ ಇಡಿಯಾಗಿ ದಕ್ಕುತ್ತಿರಲಿಲ್ಲ ಎಂಬುದು ನನಗಿಂತ ಮೊದಲು ಗೊತ್ತಾದದ್ದು ನಮ್ಮ ಯಜಮಾನರಿಗೆ. ನಾನು ಗಾಢ ನಿದ್ದೆಯಲ್ಲಿರುವಾಗ ಹೆಬ್ಬೆರಳು ಮೇಲಕ್ಕೆ ಸೆಟೆದು, ಹರಡು ಮಡಿಸಿ, ಮೊಣಕಾಲು ಸ್ವಲ್ಪ ಎಳೆದುಕೊಂಡು, ಮತ್ತೆ ಸಡಿಲವಾಗುತ್ತದೆಂದೂ, ಅರ್ಧ ನಿಮಿಷಕ್ಕೊಮ್ಮೆ ಗಡಿಯಾರ ಇಟ್ಟಂತೆ ಹಾಗಾಗುತ್ತದೆಂದೂ ಅವರು ನೋಡಿ ಹೇಳಿದರು. ನಿದ್ದೆಯ ಈ ಒದೆತ ಈ ಕಾಯಿಲೆಯವರಲ್ಲಿ ನೂರಕ್ಕೆ ಎಂಬತ್ತು ಜನರಿಗಾದರೂ ಇರುತ್ತದೆ, ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ಸೆಕೆಂಡಿಗೊಮ್ಮೆ. ಒಂದೊಂದು ಒದೆತಕ್ಕೂ ಮೆದುಳು ಅರೆಕ್ಷಣ ಎಚ್ಚರದ ಅಂಚಿಗೆ ಬಂದು ಹೋಗಬಹುದು, ಮಲಗಿದವರಿಗೆ ಅದರ ನೆನಪು ಉಳಿಯುವುದಿಲ್ಲ. ಬೆಳಿಗ್ಗೆ ಎದ್ದಾಗ ಮೈ ಮಲಗಿರಲೇ ಇಲ್ಲವೆಂಬಂತೆ ಇರುತ್ತದೆ. ನಿದ್ದೆಗೆಟ್ಟವರು ಹಗಲು ತೂಕಡಿಸುತ್ತಾರೆಂದು ಜನ ತಿಳಿಯುತ್ತಾರೆ. ನನಗೆ ಹಗಲು ಮಲಗಲೂ ಆಗುತ್ತಿರಲಿಲ್ಲ. ಕೂಡಿಸಿದ ಲೆಕ್ಕ ಎರಡನೆಯ ಸಲಕ್ಕೆ ಬೇರೆಯಾಗುತ್ತಿತ್ತು, ಪರಿಚಿತ ಗಿರಾಕಿಯ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ, ಮಗಳು ಒಂದು ಮಾತಾಡಿದರೆ ನಾನು ನಾಲ್ಕು ಮಾತು ಸಿಡುಕುತ್ತಿದ್ದೆ. ಸಂಜೆ ಐದಾಯಿತೆಂದರೆ, ಇನ್ನು ರಾತ್ರಿ ಬರುತ್ತದಲ್ಲ ಎಂಬ ಅಂಜಿಕೆ. ವರ್ಷಗಟ್ಟಲೆ ಹಾಸಿಗೆಗೆ ಹೆದರಿದ ಮನುಷ್ಯರಿಗೆ ಖಿನ್ನತೆ ಬರುವುದು ಆಶ್ಚರ್ಯವಲ್ಲ, ಮತ್ತು ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಈ ಕಾಲಿನ ತೊಂದರೆಯನ್ನು ಹೆಚ್ಚಿಸಬಲ್ಲವು ಎಂಬುದನ್ನು ಕೊಡುವವರೂ ತೆಗೆದುಕೊಳ್ಳುವವರೂ ತಿಳಿದಿರಬೇಕು.

ಹೆಚ್ಚಿಸುವ ಔಷಧಗಳಲ್ಲಿ ನನ್ನನ್ನು ತೀರಾ ನೋಯಿಸಿದ್ದು ಒಂದು ಸಣ್ಣ ಮಾತ್ರೆ. 2009ರಲ್ಲಿ ಅವ್ವನಿಗೆ ಜೋರೆಂದು ಸುದ್ದಿ ಬಂದಾಗ ರೈಲಿನಲ್ಲಿ ಜಾಗ ಸಿಗದೆ ರಾತ್ರಿಯ ಬಸ್ಸಿಗೆ ಹತ್ತಿದೆ. ಘಟ್ಟದ ತಿರುವುಗಳಲ್ಲಿ ನನಗೆ ವಾಂತಿಯಾಗುವುದರಿಂದ ಎಂದಿನಂತೆ ಪ್ರಯಾಣದ ಮಾತ್ರೆ ತೆಗೆದುಕೊಂಡಿದ್ದೆ. ಅದರಲ್ಲಿರುವುದು ಪ್ರೊಮೆಥಜೀನ್. ಶೀತಕ್ಕೆ, ತುರಿಕೆಗೆ, ವಾಂತಿಗೆ ಕೊಡುವ, ಮಂಪರು ತರುವ ಈ ಜಾತಿಯ ಮಾತ್ರೆಗಳು ಕಣ್ಣಿಗೆ ನಿದ್ದೆ ತಂದು ಕಾಲಿಗೆ ಬೆಂಕಿ ಹಚ್ಚುತ್ತವೆ. ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್ ಕೂಡ ಡೋಪಮಿನ್ನನ್ನು ತಡೆದು ಹಾಗೆಯೇ ಮಾಡುತ್ತದೆ. ಇದೊಂದೂ ಆಗ ಗೊತ್ತಿರಲಿಲ್ಲ. ರೆಪ್ಪೆ ಎತ್ತಲಾರದಷ್ಟು ನಿದ್ದೆ, ಆದರೆ ಕಾಲು ಒಂದು ನಿಮಿಷವೂ ನಿಲ್ಲದು. ಖಂಬಾಟ್ಕಿ ಘಟ್ಟದಲ್ಲಿ ಎರಡು ಸೀಟುಗಳ ನಡುವಿನ ಸಂದಿಯಲ್ಲಿ ಕಂಬಿ ಹಿಡಿದು ನಿಂತು, ನಿಂತಲ್ಲೇ ತೂಗಿ, ಬೀಳುವಾಗ ಎಚ್ಚರವಾಗಿ, ಮತ್ತೆ ಕಾಲು ಬದಲಿಸುತ್ತ, ಕೊಲ್ಹಾಪುರದವರೆಗೆ ಹಾಗೆಯೇ ಬಂದೆ. ಕ್ಲೀನರ್ ಹುಡುಗ ತನ್ನ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ನನಗೆ ನಿಲ್ಲಲು ಜಾಗ ಕೊಟ್ಟ. ಯಾಕೆಂದು ಕೇಳಲಿಲ್ಲ.

ಬೆಳಿಗ್ಗೆ ಧಾರವಾಡದಲ್ಲಿ ಅವ್ವನ ಹಾಸಿಗೆಯ ಬಳಿ ಕುಳಿತಾಗ ಅವಳ ಕಾಲಿಗೆ ಪಟ್ಟಿ ಇತ್ತು. ಬಿಚ್ಚಿ ಒತ್ತತೊಡಗಿದೆ. ಅವಳು ಕಣ್ಣು ತೆರೆದು, ‘ನಿನಗೂ ಬಂತ ಹೌದಿಲ್ಲೊ?’ ಎಂದು ಕೇಳಿದಳು. ನಾನು ಬಾಗಿಲಿನಿಂದ ಹಾಸಿಗೆಯವರೆಗೆ ನಡೆದು ಬಂದ ರೀತಿಯಲ್ಲೇ ಅವಳಿಗೆ ತಿಳಿದಿರಬೇಕು. ಒಂಬತ್ತು ದಿನಗಳ ಮೇಲೆ ಅವಳು ಹೋದಳು. ತನ್ನ ಕಾಯಿಲೆಗೆ ಹೆಸರಿದೆ ಎಂಬುದು ಅವಳಿಗೆ ತಿಳಿಯಲೇ ಇಲ್ಲ.

ಹೆಸರು ನನಗೆ ಸಿಕ್ಕಿದ್ದು 2013ರಲ್ಲಿ, ಠಾಣೆಯ ಒಬ್ಬ ನರರೋಗ ತಜ್ಞೆಯ ಬಳಿ. ನಾನು ವಾಡಿಕೆಯಂತೆ ‘ದುಖತಾತ್’ ಎಂದು ಆರಂಭಿಸಿದೆ. ಅವರು ಬರೆಯುವುದನ್ನು ನಿಲ್ಲಿಸಿ, ನೋವು ಎನ್ನಬೇಡಿ, ನಿಮ್ಮ ಮನೆಯ ಭಾಷೆಯಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವ್ವನ ಮಾತು ತಾನಾಗಿ ಬಂತು: ‘ಕಾಲು ತಳಮಳಿಸುತ್ತವೆ.’ ಅವರು ತಲೆಯೆತ್ತಿ, ‘ತಳಮಳತಾತ್?’ ಎಂದರು. ಮರಾಠಿಯಲ್ಲೂ ಆ ಶಬ್ದ ಹೆಚ್ಚುಕಡಿಮೆ ಅದೇ ಅರ್ಥದಲ್ಲಿ ಇದೆ. ಹಾಸಿಗೆಯಲ್ಲಿ ನಿದ್ದೆಯಿಲ್ಲದೆ ಹೊರಳಾಡುವುದಕ್ಕೂ ಅವರು ತಳಮಳಣೆ ಎನ್ನುತ್ತಾರೆ. ಎರಡೂ ಭಾಷೆಗೆ ಸೇರಿದ ಆ ಮಾತನ್ನು ಬಾಯೊಳಗೇ ಇಟ್ಟುಕೊಂಡು, ಅದು ಮನೆಯ ಮಾತೆಂದು ಸಂಕೋಚಪಟ್ಟು, ನಾನು ಅಷ್ಟು ಕಾಲ ತಪ್ಪು ಶಬ್ದವನ್ನು ಹುಡುಕಿ ಹುಡುಕಿ ಬಳಸಿದ್ದೆ. ಕುಳಿತಾಗ ಹೆಚ್ಚೋ ನಡೆದಾಗ ಹೆಚ್ಚೋ, ಯಾವ ಹೊತ್ತಿಗೆ, ತಾಯಿಗೆ ಇತ್ತೇ ಎಂದು ಮೂರು ಪ್ರಶ್ನೆ ಕೇಳಿ ಅವರು ರೋಗದ ಹೆಸರನ್ನು ಹೇಳಿದರು. ನನಗೆ ಅಳು ಬಂತು.

ಅವರು ಮೊದಲು ಬರೆದುಕೊಟ್ಟದ್ದು ಫೆರಿಟಿನ್ ಪರೀಕ್ಷೆ, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ನನ್ನ ಹಿಮೋಗ್ಲೋಬಿನ್ 12.1 ಇದ್ದುದರಿಂದ ಅದುವರೆಗೆ ಯಾರೂ ಕಬ್ಬಿಣದ ಮಾತೆತ್ತಿರಲಿಲ್ಲ. ಫೆರಿಟಿನ್ 16 ಬಂತು. ಪ್ರಯೋಗಾಲಯದ ಕಾಗದದಲ್ಲಿ ಹೆಂಗಸರಿಗೆ 10ರಿಂದ ಮೇಲೆ ಸರಿಯೆಂದು ಮುದ್ರಿಸಿದ್ದರಿಂದ ಆ ಅಂಕಿಯ ಕೆಳಗೆ ಗೆರೆಯೂ ಇರಲಿಲ್ಲ, ದಪ್ಪಕ್ಷರವೂ ಇರಲಿಲ್ಲ. ಆದರೆ ಈ ಕಾಯಿಲೆಯವರಿಗೆ ಅಳತೆ ಬೇರೆ: ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಇಲ್ಲವೆ ಕಬ್ಬಿಣವನ್ನು ಹೊತ್ತೊಯ್ಯುವ ಟ್ರಾನ್ಸ್‌ಫೆರಿನ್ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ತುಂಬಿದ್ದರೆ, ಕಬ್ಬಿಣವನ್ನು ಕೊಡಬೇಕೆಂದು ನಿದ್ರಾತಜ್ಞರ ಸಲಹೆಯಿದೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಎಷ್ಟು ಹೆಂಗಸರು ‘ಎಲ್ಲ ನಾರ್ಮಲ್ ಇದೆ’ ಎಂಬ ಮಾತು ಕೇಳಿ ಮನೆಗೆ ಮರಳಿರಬಹುದು! ಕಬ್ಬಿಣದ ಮಾತ್ರೆಯನ್ನು ನಾನು ಮೊದಲೆರಡು ತಿಂಗಳು ಚಹಾ ಕುಡಿದ ಬೆನ್ನಿಗೇ ನುಂಗಿದೆ, ಏನೂ ಏರಲಿಲ್ಲ. ಚಹಾದ ಒಗರು ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ನಿಂಬೆರಸದ ಜೊತೆ, ಚಹಾಕ್ಕೂ ಹಾಲಿಗೂ ದೂರವಿಟ್ಟು, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡ ಮೇಲೆ ಏಳೆಂಟು ತಿಂಗಳಲ್ಲಿ 80 ದಾಟಿತು. ಮಾತ್ರೆ ಒಗ್ಗದವರಿಗೆ, ಹೀರಿಕೊಳ್ಳದವರಿಗೆ ರಕ್ತನಾಳದ ಮೂಲಕವೂ ಕೊಡುತ್ತಾರೆ. ಪರೀಕ್ಷೆಯಿಲ್ಲದೆ ಯಾರೂ ಕಬ್ಬಿಣವನ್ನು ನುಂಗಬಾರದು. ಕೆಲವರ ಮೈಯಲ್ಲಿ ಅದು ಮೊದಲೇ ಹೆಚ್ಚಿರುತ್ತದೆ, ಹೆಚ್ಚಾದ ಕಬ್ಬಿಣ ಯಕೃತ್ತನ್ನು ಕೆಡಿಸುತ್ತದೆ.

ಕಬ್ಬಿಣದಿಂದ ನನಗೆ ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದಕ್ಕೆ ಪ್ರಮಿಪೆಕ್ಸೋಲ್ ಎಂಬ, ಡೋಪಮಿನ್ನಿನಂತೆ ಕೆಲಸ ಮಾಡುವ ಮಾತ್ರೆ ಕೊಟ್ಟರು. ಮೊದಲ ರಾತ್ರಿಯೇ ಆರು ಗಂಟೆ ಮಲಗಿದೆ. ಎರಡು ವರ್ಷ ಸುಖವಾಗಿತ್ತು. ಆಮೇಲೆ ರಾತ್ರಿ ಹತ್ತಕ್ಕೆ ಬರುತ್ತಿದ್ದ ತಳಮಳ ಎಂಟಕ್ಕೆ ಬಂತು, ಆರಕ್ಕೆ ಬಂತು, ಒಂದು ದಿನ ಮಧ್ಯಾಹ್ನ ಮೂರಕ್ಕೆ ಬ್ಯಾಂಕಿನಲ್ಲೇ ಬಂತು, ತೋಳುಗಳಿಗೂ ಹಬ್ಬಿತು. ಮಾತ್ರೆ ಹೆಚ್ಚಿಸಿದರೆ ನಾಲ್ಕು ದಿನ ತಗ್ಗಿ ಮತ್ತೆ ಮುಂದೊತ್ತುತ್ತಿತ್ತು. ಕಾಯಿಲೆಯನ್ನು ತಗ್ಗಿಸುವ ಮಾತ್ರೆಯೇ ಕಾಲಕ್ರಮದಲ್ಲಿ ಅದನ್ನು ಬಲಪಡಿಸುವ ಈ ವಿಪರೀತವನ್ನು ವೈದ್ಯರು ಆಗ್ಮೆಂಟೇಶನ್ ಎನ್ನುತ್ತಾರೆ. ಕೆಲವರಲ್ಲಿ ಈ ಮಾತ್ರೆಗಳು ಜೂಜು, ಮಿತಿಮೀರಿದ ಖರೀದಿಯಂಥ ಹತೋಟಿಯಿಲ್ಲದ ಚಟಗಳನ್ನೂ ಹಚ್ಚಬಲ್ಲವು. 2025ರಲ್ಲಿ ಪ್ರಕಟವಾದ ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯ ಮಾರ್ಗಸೂಚಿ, ಈ ಗುಂಪಿನ ಮಾತ್ರೆಗಳನ್ನು ವಾಡಿಕೆಯಾಗಿ ಕೊಡುವುದು ಬೇಡವೆಂದು ಹೇಳಿ ಕಬ್ಬಿಣ, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗಳನ್ನು ಮುಂದಿಟ್ಟಿದೆ. ನನ್ನ ತಜ್ಞೆ ಅದಕ್ಕೂ ಮೊದಲೇ ಪ್ರಮಿಪೆಕ್ಸೋಲನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ ಬಿಡಿಸಿದರು. ಬಿಡಿಸುವಾಗಿನ ಆ ಮೂರು ವಾರ ನನ್ನ ಬದುಕಿನ ಅತ್ಯಂತ ಉದ್ದವಾದ ಮೂರು ವಾರ. ತಾವಾಗಿ ಒಮ್ಮೆಲೇ ನಿಲ್ಲಿಸುವ ಸಾಹಸವನ್ನು ಯಾರೂ ಮಾಡಬಾರದೆಂದು ಅದನ್ನು ಕಂಡವಳಾಗಿ ಹೇಳುತ್ತೇನೆ. ಈಗ ಪ್ರಿಗ್ಯಾಬಲಿನ್ನಿನ ಸಣ್ಣ ಪ್ರಮಾಣದಲ್ಲಿ ವಾರಕ್ಕೆ ಐದು ರಾತ್ರಿ ಚೆನ್ನಾಗಿ ಕಳೆಯುತ್ತವೆ. ಸಂಜೆಯ ಚಹಾ ಬಿಟ್ಟಿದ್ದೇನೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಸಂಜೆಯ ಕಾರ್ಯಕ್ರಮಗಳಿದ್ದರೆ ಕೊನೆಯ ಸಾಲಿನ ತುದಿಯ ಕುರ್ಚಿ ಹಿಡಿಯುತ್ತೇನೆ, ಬೇಕೆನಿಸಿದಾಗ ಎದ್ದು ಹಿಂದೆ ನಿಂತು ನೋಡುತ್ತೇನೆ.

ಈ ಬರಹವನ್ನು ಪುಣೆಯ ಕೋಥರೂಡಿನಲ್ಲಿ ಮಗಳ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಅವಳಿಗೆ ಈಗ ಎಂಟು ತಿಂಗಳು. ಕಳೆದ ತಿಂಗಳು ರಾತ್ರಿ ಒಂದೂವರೆಗೆ ಫೋನ್ ಮಾಡಿ, ‘ಅವ್ವಾ, ಮಲಗಿದ್ದಿ ಏನು? ಕಾಲು ಹೇಗೋ ಆಗ್ತಾವ, ಮಲಗಾಕ ಬಿಡವಲ್ಲವು’ ಎಂದಳು. ಅವಳ ಹಿಂದೆ ಚಪ್ಪಲಿಯ ಸಪ್ಪಳ ಕೇಳುತ್ತಿತ್ತು, ಮಾತಾಡುತ್ತ ನಡೆಯುತ್ತಿದ್ದಳು. ಡಾಕ್ಟರಿಗೆ ಏನೆಂದು ಹೇಳಿದೆ ಎಂದು ಕೇಳಿದೆ. ‘ಪಾಯ್ ದುಖತಾತ್ ಅಂದೆ’ ಎಂದಳು. ಮರುದಿನವೇ ಹೊರಟು ಬಂದು ಅವಳ ಜೊತೆ ಆಸ್ಪತ್ರೆಗೆ ಹೋದೆ. ಫೆರಿಟಿನ್ 9 ಇತ್ತು. ಬಸುರಿಯರಿಗೆ ಹಲವು ಮಾತ್ರೆಗಳನ್ನು ಕೊಡಲಾಗುವುದಿಲ್ಲ, ಆದರೆ ಕಬ್ಬಿಣವನ್ನು ಕೊಡಬಹುದು. ರಕ್ತನಾಳದ ಮೂಲಕ ಎರಡು ಸಲ ಕೊಟ್ಟರು. ಫಲ ಕಾಣಲು ಕೆಲವು ವಾರ ಬೇಕೆಂದೂ ಹೇಳಿದರು. ಮೊದಲ ರಾತ್ರಿಗಳಲ್ಲಿ ನಾವಿಬ್ಬರೂ ಹಾಲಿನಲ್ಲಿ ಅತ್ತಿಂದಿತ್ತ ನಡೆದೆವು. ಅವಳು ಬೇಸತ್ತು ಕುಳಿತಾಗ ಅವಳ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಅವ್ವ ತೋರಿಸಿದ ಹಾಗೆ, ಮೊಣಕಾಲಿನ ಹಿಂದಿನಿಂದ ಹರಡಿನವರೆಗೆ ಹೆಬ್ಬೆರಳಿನಿಂದ ಒತ್ತುತ್ತ ಬಂದೆ.

ಇದು ಮೂರನೆಯ ವಾರ. ನಿನ್ನೆ ರಾತ್ರಿ ಒಂದೂವರೆಗೆ ನನಗೆ ಅಭ್ಯಾಸಬಲದಿಂದ ಎಚ್ಚರವಾಯಿತು. ಎದ್ದು ಹಾಲಿಗೆ ಬಂದು ನೋಡಿದೆ. ಅವಳ ಚಪ್ಪಲಿಗಳು ಕೋಣೆಯ ಬಾಗಿಲಲ್ಲಿ ಜೋಡಿಯಾಗಿ ಇದ್ದವು, ಒಳಗಿನ ದೀಪ ಆರಿತ್ತು.